ಕತ್ತಲಲ್ಲಿ ನಡೆದು ಬಂದ ನಂಬರು

"ಓದು," ಎಂದರು ಇನ್ಸ್‌ಪೆಕ್ಟರ್. "ಗಟ್ಟಿಯಾಗಿ ಓದು. ಕ್ಯಾಮೆರಾ ಹಾಕಿದ್ದು ನೀನೇ ತಾನೆ? ನಿನ್ನ ಬಾಯಿಂದಲೇ ಬರಲಿ."

ಮಾನಿಟರಿನ ಪರದೆ ಅಂಚಿನಿಂದ ಅಂಚಿಗೆ ಇದ್ದಿಲಿನ ಹಾಗೆ ಕಪ್ಪಗಿತ್ತು. ನಟ್ಟನಡುವೆ ಒಂದು ನಂಬರ್ ಪ್ಲೇಟು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಓದಿದೆ.

"ಯಾರ ಗಾಡಿ?"

"ನಮ್ಮಣ್ಣನ ವ್ಯಾನು, ಸಾರ್."

"ಎಷ್ಟು ಹೊತ್ತಿಗೆ?"

"ರಾತ್ರಿ ಎರಡು ಗಂಟೆ ಹದಿನಾಲ್ಕು ನಿಮಿಷ."

"ಎರಡೂ ಇಪ್ಪತ್ತಕ್ಕೆ ಎದುರು ಮನೆಯವರಿಗೆ ಕೂಗು ಕೇಳಿದೆ. ಇನ್ನೇನು ಬೇಕು?"

ಮೂರು ದಿನದಿಂದ ಈ ಮನೆಯ ವಾಚ್‌ಮನ್ ತಾತ ಒಡೆದ ತಲೆಯೊಂದಿಗೆ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದ. ನಿನ್ನೆ ಸಂಜೆಯಿಂದ ನನ್ನ ಅಣ್ಣ ಠಾಣೆಯ ಕಂಬಿಯ ಹಿಂದಿದ್ದ.

"ನಾಲ್ಕು ಗಂಟೆಗೆ ಕೋರ್ಟಿಗೆ ಹಾಜರುಪಡಿಸ್ತೀನಿ," ಎಂದರು ಇನ್ಸ್‌ಪೆಕ್ಟರ್. "ಮುದುಕ ಉಳಿದರೆ ಒಂದು ಕೇಸು. ಹೋದರೆ ಇನ್ನೊಂದು. ಯಾವುದಾದರೂ ನಿನ್ನಣ್ಣ ಮಾತ್ರ ಮನೆಗೆ ಬರಲ್ಲ."

ಗೋಡೆಗೆ ಒರಗಿ ನಿಂತಿದ್ದ ಅತ್ತಿಗೆ ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದಲೇ ಮೂಗು ಒರೆಸಿಕೊಂಡಳು. ಪಾರ್ಸೆಲ್ ಗೋಡೌನಿನ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು.

"ಒಡಹುಟ್ಟಿದವನಿಗೆ ನಿನ್ನ ಕೈಯಾರೆ ಉರುಳು ಹೆಣೆದೆಯಲ್ಲೇ," ಎಂದಳು. "ಹೊಟ್ಟೆ ತಣ್ಣಗಾಯ್ತಾ?"

ನಾಲ್ಕು ಜನ ಒಟ್ಟಿಗೆ ನನ್ನನ್ನೇ ನೋಡಿದರೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ನಮ್ಮನೆ ಹಿತ್ತಲಲ್ಲಿ ನೀರಿನ ಡ್ರಮ್ಮಿನ ಮೇಲಿನ ಹಲಗೆ ಜಾರಿ ಕಾಲಬೆರಳ ಮೇಲೆ ಬಿದ್ದಿತ್ತು. ಆ ನೋವನ್ನೇ ಹಿಡಿದುಕೊಂಡು ನಿಂತೆ.

ಸೋಫಾದಲ್ಲಿ ಈ ಮನೆಯ ಒಡತಿ ಡಾಕ್ಟರಮ್ಮ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ಪಕ್ಕದಲ್ಲಿ ಅವರ ಮನೆ ಅಳಿಯ, ಕಾಲ ಮೇಲೆ ಕಾಲು ಹಾಕಿಕೊಂಡು.

"ಡ್ರೈವರ್ ಕೆಲಸದಿಂದ ತೆಗೆದ ಮೇಲೂ ಅವನ ಕಣ್ಣು ಈ ಮನೆ ಮೇಲೇ ಇತ್ತು," ಎಂದ ಅಳಿಯ. "ವಾಚ್‌ಮನ್ ಅವನ ಮೇಲೆ ಚಾಡಿ ಹೇಳಿದ್ದ. ಇವಳನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೂ ಅವನೇ. ಅಣ್ಣ-ತಂಗಿ ಸೇರಿ ಮನೆ ಅಳತೆ ತಗೊಂಡಿದ್ದಾರೆ, ಅಷ್ಟೇ."

"ಅಳತೆ ತಗೊಂಡವನು ಕ್ಯಾಮೆರಾ ಮುಂದೇ ಯಾಕೆ ಬರ್ತಾನೆ?" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಏನಂದೆ?"

"ಎರಡು ಕ್ಯಾಮೆರಾನೂ ಎಲ್ಲೆಲ್ಲಿವೆ ಅಂತ ಅಣ್ಣನಿಗೆ ಗೊತ್ತು, ಸಾರ್. ಅವತ್ತು ಏಣಿ ಹಿಡಿದಿದ್ದೇ ಅವನು."

"ಕುಡಿದಿರ್ತಾನೆ."

"ಕುಡಿದವನು ಮಹಡಿಯ ಕ್ಯಾಮೆರಾನ ಆಕಾಶಕ್ಕೆ ತಿರುಗಿಸಿ, ಗೇಟಿನ ಇದನ್ನ ಮಾತ್ರ ಯಾಕೆ ಬಿಟ್ಟ?"

ಇನ್ಸ್‌ಪೆಕ್ಟರ್ ಮೊದಲ ಸಲ ನನ್ನ ಮುಖ ನೋಡಿದರು.

ಈ ಮನೆಗೆ ನಾನು ಹಾಕಿದ್ದು ಎರಡು ಕ್ಯಾಮೆರಾ. ಒಂದು ಅಗಲದ್ದು, ಮಹಡಿಯ ಸಜ್ಜಾದ ಕೆಳಗೆ. ಅಂಗಳ, ಗೇಟು, ರಸ್ತೆ ಎಲ್ಲ ಒಂದೇ ಚೌಕಟ್ಟಿನಲ್ಲಿ. ಇನ್ನೊಂದು ನಂಬರಿನದು, ಗೇಟಿನ ಕಂಬದಲ್ಲಿ ಸೊಂಟದ ಎತ್ತರಕ್ಕೆ. ರಸ್ತೆಯ ಒಂದು ಗಾಡಿಯಷ್ಟು ಜಾಗ ಬಿಟ್ಟರೆ ಅದಕ್ಕೆ ಪ್ರಪಂಚವೇ ಇಲ್ಲ.

ಮೂರು ತಿಂಗಳ ಹಿಂದೆ ಇದೇ ಸೋಫಾದಲ್ಲಿ ಕೂತು ಡಾಕ್ಟರಮ್ಮ ನನ್ನ ಮೇಲೆ ಹರಿಹಾಯ್ದಿದ್ದರು. ಯಾವುದೋ ಗಾಡಿ ವಾರಕ್ಕೆರಡು ರಾತ್ರಿ ಗೇಟಿನ ಮುಂದೆ ಹತ್ತು ನಿಮಿಷ ನಿಂತು ಹೋಗುತ್ತಿತ್ತು. ಅವರಿಗೆ ಅದರ ನಂಬರು ಬೇಕಿತ್ತು, ಬಂದವರ ಮುಖವೂ ಬೇಕಿತ್ತು, ಕ್ಯಾಮೆರಾ ಮಾತ್ರ ಒಂದೇ ಸಾಕಿತ್ತು.

"ಒಂದು ಕೇಳಿದರೆ ಎರಡು ತಲೆಗೆ ಕಟ್ಟೋಕೆ ನೋಡ್ತೀಯಾ?"

"ಇಲ್ಲಮ್ಮಾ. ಕತ್ತಲಲ್ಲಿ ಅಂಗಳ ಪೂರ್ತಿ ಕಾಣಬೇಕಾದರೆ ಕ್ಯಾಮೆರಾ ಕಣ್ಣು ಸ್ವಲ್ಪ ಹೊತ್ತು ತೆರೆದೇ ಇರಬೇಕು. ಅಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತೆ, ನಂಬರು ಒರೆಸಿದ ಹಾಗಾಗುತ್ತೆ. ಹೆಡ್‌ಲೈಟ್ ಬಿದ್ದರಂತೂ ಬರೀ ಬಿಳಿ ಗುಡ್ಡೆ."

"ಹಾಗಾದರೆ ಬೇಗ ಮುಚ್ಚೋ ಹಾಗೆ ಮಾಡು."

"ಬೇಗ ಮುಚ್ಚಿದರೆ ನಂಬರು ಚೊಕ್ಕವಾಗಿ ಬರುತ್ತೆ. ಮಿಕ್ಕಿದ್ದು ಏನೂ ಕಾಣಲ್ಲ. ಅದರಲ್ಲಿರೋ ದೀಪದ ಬೆಳಕು ಬಿದ್ದರೆ ತಿರುಗಿ ಹೊಳೆಯೋದು ಮಾತ್ರ ಅದಕ್ಕೆ ಕಾಣೋದು. ಪ್ಲೇಟು ಹೊಳೆಯುತ್ತೆ. ಮನುಷ್ಯ ಹೊಳೆಯಲ್ಲ."

"ಒಳ್ಳೆ ವ್ಯಾಪಾರ," ಎಂದಿದ್ದ ಅಳಿಯ. "ಅತ್ತೆ, ದುಡ್ಡು ಕೊಟ್ಟು ಕತ್ತಲೆ ಕೊಂಡ್ಕೊಳ್ಳಿ."

ಕೊನೆಗೆ ಎರಡೂ ಹಾಕಿಸಿದರು. ನಂಬರಿನ ಕ್ಯಾಮೆರಾಕ್ಕೆ ಫೋಕಸ್ ಕೂರಿಸುವುದು ಹಗಲಲ್ಲಿ ಆಗದ ಕೆಲಸ. ಕತ್ತಲಾದ ಮೇಲೆ ಯಾರಾದರೂ ಒಂದು ಪ್ಲೇಟು ಹಿಡಿದು ರಸ್ತೆಯಲ್ಲಿ ನಡೆಯಬೇಕು, ನಾನು ಒಳಗೆ ಮಾನಿಟರ್ ನೋಡುತ್ತ ಲೆನ್ಸು ಸರಿಮಾಡಬೇಕು. ಅದಕ್ಕೆಂದೇ ಅಣ್ಣನ ವ್ಯಾನಿನ ಹಳೇ ಪ್ಲೇಟೊಂದು ನನ್ನ ಚೀಲದಲ್ಲಿರುತ್ತಿತ್ತು. ಬಂಪರಿಗೆ ಪೆಟ್ಟು ಬಿದ್ದಾಗ ಸ್ಕ್ರೂ ತೂತು ಹರಿದುಹೋಗಿ ಬಿಚ್ಚಿಟ್ಟಿದ್ದು.

ಅವತ್ತು ಕತ್ತಲಾದಾಗ ಅಣ್ಣ ಇನ್ನೂ ಡಾಕ್ಟರಮ್ಮನ ಕಾರು ತೊಳೆಯುತ್ತಿದ್ದ. ಪ್ಲೇಟು ಹಿಡಿದು ನಡೆದದ್ದು ಅಳಿಯ.

"ನಾನೇನು ಗಾಡಿನಾ?" ಎಂದು ಗೊಣಗಿದ್ದ.

"ಹಾರ್ನ್ ಹೊಡೀರಿ, ದಾರಿ ಬಿಡ್ತೀನಿ," ಎಂದು ಡಾಕ್ಟರಮ್ಮ ಮಹಡಿಯಿಂದ ಕೂಗಿದ್ದರು.

ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿ ನಾನು ಮನೆಮಂದಿಯನ್ನು ನಗಿಸಿದ್ದೆ.

"ಸಾರ್," ಎಂದೆ ಈಗ. "ಇದನ್ನ ನಿಧಾನವಾಗಿ ಓಡಿಸಲಾ?"

"ಪ್ರಿಂಟ್ ತೆಗೆದಾಗಿದೆ. ಇನ್ನೇನು ಓಡಿಸೋದು?"

"ನೀವು ನೋಡಿರೋದು ಒಂದೇ ಚಿತ್ರ. ರೆಕಾರ್ಡಿಂಗ್ ಆರು ಸೆಕೆಂಡ್ ಇದೆ."

"ಸಾಕು ಮಾಡೇ," ಎಂದಳು ಅತ್ತಿಗೆ. "ಇನ್ನೂ ಎಷ್ಟು ಕೆದಕ್ತೀಯ? ಇರೋ ಮಾನನೂ ಹೋಗಲಿ ಅಂತಾನಾ?"

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ಹನ್ನೊಂದೂವರೆ. "ಓಡಿಸು. ಒಂದು ಸಲ."

ಕಾಲುಭಾಗ ವೇಗಕ್ಕೆ ಇಳಿಸಿ ಓಡಿಸಿದೆ. ಕಪ್ಪಿನೊಳಗಿಂದ ಪ್ಲೇಟು ತೇಲಿಬಂತು. ಹತ್ತಿರವಾಗುತ್ತ ಒಂಚೂರು ಎಡಕ್ಕೆ ಓರೆಯಾಯಿತು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ.

"ಗಾಡಿ ಈ ಜಾಗ ದಾಟೋಕೆ ಒಂದೂವರೆ ಸೆಕೆಂಡ್ ಸಾಕು," ಎಂದೆ. ಅವರ ಮುಖ ನೋಡದೆ ಪರದೆಯನ್ನೇ ನೋಡಿ ಮಾತಾಡಿದರೆ ಸುಲಭ. "ಇದು ಆರು ತಗೊಂಡಿದೆ. ಗಾಡಿ ಪ್ಲೇಟು ಹೀಗೆ ತೂಗಾಡಲ್ಲ. ಹೆಡ್‌ಲೈಟೂ ಇಲ್ಲ."

"ದೀಪ ಆರಿಸಿ ಮೆಲ್ಲಗೆ ಬಂದಿದ್ದಾನೆ. ರಸ್ತೆಯಲ್ಲಿ ಗುಂಡಿ ಇದೆ, ತೂಗಾಡಿದೆ."

"ಕೆಳಗೆ ನೋಡಿ, ಸಾರ್."

ಸ್ಕೂಟರಿನ ಪ್ಲೇಟೂ ಸಿಗಲಿ ಎಂದು ಚೌಕಟ್ಟಿನ ಕೆಳಗೆ ಒಂದು ಮೊಳದಷ್ಟು ರಸ್ತೆ ಜಾಸ್ತಿ ಬಿಟ್ಟಿದ್ದೆ. ಅಲ್ಲಿ, ಪ್ಲೇಟಿಗಿಂತ ಬಹಳ ಕೆಳಗೆ, ಕೂದಲೆಳೆಯಂಥ ಬೆಳ್ಳನೆಯ ಗೆರೆ ಮಿನುಗಿತು. ಆರಿತು. ಸ್ವಲ್ಪ ಪಕ್ಕಕ್ಕೆ ಮತ್ತೆ ಮಿನುಗಿತು.

"ಹುಳ," ಎಂದ ಅಳಿಯ ಥಟ್ಟನೆ. "ರಾತ್ರಿ ಎಷ್ಟು ಹುಳ ಬರುತ್ತೆ ಆ ಕ್ಯಾಮೆರಾ ಮುಂದೆ!"

"ಹುಳ ಹೆಜ್ಜೆ ಎಣಿಸಿ ಹಾರಲ್ಲ."

ಇನ್ನೂ ನಿಧಾನ ಮಾಡಿದೆ. ಎಡ, ಬಲ. ಎಡ, ಬಲ. ಇನ್ಸ್‌ಪೆಕ್ಟರ್ ಬಗ್ಗಿ ಪರದೆಗೆ ಮುಖ ಹಚ್ಚಿದರು. ಅವರ ಉಸಿರು ಗಾಜಿನ ಮೇಲೆ ಕೂತಿತು.

"ಶೂ," ಎಂದರು.

"ಹೌದು ಸಾರ್. ಹೊಳೆಯೋ ಪಟ್ಟಿ ಇರೋ ಶೂ. ಪ್ಲೇಟಿನ ಹಿಂದೆ ಗಾಡಿ ಇಲ್ಲ. ಒಬ್ಬರು ಕೈಯಲ್ಲಿ ಹಿಡ್ಕೊಂಡು ನಡೆದು ಬಂದಿದ್ದಾರೆ."

ಡಾಕ್ಟರಮ್ಮ ಗಲ್ಲವನ್ನು ಕೋಲಿನಿಂದ ಎತ್ತಿದರು.

"ಹಾಗೆ ನಡೆಯೋದು ಈ ಮನೇಲಿ ಒಬ್ಬರಿಗೇ ಗೊತ್ತು," ಎಂದರು. ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಅಳಿಯನ ಕಾಲು ಕಾಲಿನಿಂದ ಕೆಳಗಿಳಿಯಿತು. "ಅತ್ತೆ, ಏನ್ ಮಾತಾಡ್ತಿದೀರಾ?"

"ಬೆಳಿಗ್ಗೆ ಎದ್ದು ಮಿಣಮಿಣ ಶೂ ಹಾಕ್ಕೊಂಡು ಓಡೋಕೆ ಹೋಗೋದೂ ಒಬ್ಬರೇ."

"ಕೂಳು ಹಾಕ್ತೀನಿ ಅಂತ ಏನು ಬೇಕಾದರೂ ಅನ್ನಬಹುದಾ?" ಅವನ ದನಿ ಏರಿತು. ಆಮೇಲೆ ನನ್ನ ಕಡೆ ತಿರುಗಿದ. "ಏಯ್! ಶಾಲೆ ಬಿಟ್ಟು ವೈರ್ ಎಳೆಯೋಳು ನೀನು. ಯಾರ ಮೇಲೆ ಏನು ಹೊರಿಸ್ತಿದೀಯ ಅಂತ ಗೊತ್ತಾ?"

"ನಾನು ಯಾರ ಹೆಸರೂ ಹೇಳಿಲ್ಲ."

"ಹೇಳೋಕೆ ಏನು ಉಳಿಸಿದೀಯ?"

"ಶೂ ತೋರಿಸಿ," ಎಂದರು ಇನ್ಸ್‌ಪೆಕ್ಟರ್.

ಅವನು ದಡದಡ ಹೋಗಿ ಶೂ ತಂದು ನನ್ನ ಕಾಲಬಳಿ ಎಸೆದ. ಒಂದು ಪುಟಿದು ನನ್ನ ನೋಯುತ್ತಿದ್ದ ಬೆರಳಿಗೇ ತಗುಲಿತು. ಹಲ್ಲು ಕಚ್ಚಿದೆ.

ಕಿಟಕಿಯ ಪರದೆ ಎಳೆದು ದೀಪ ಆರಿಸಿದೆವು. ಚೀಲದಿಂದ ಟಾರ್ಚ್ ತೆಗೆದು ಕಣ್ಣಿನ ಪಕ್ಕದಲ್ಲೇ ಹಿಡಿದೆ. ಬೆಳಕು ಹೋದ ದಾರಿಯಲ್ಲೇ ತಿರುಗಿ ಬರುವಂಥ ಪಟ್ಟಿ ಅದು. ಟಾರ್ಚ್ ಕಣ್ಣಿನ ಹತ್ತಿರ ಇದ್ದರೆ ಮಾತ್ರ ಉರಿದ ಹಾಗೆ ಕಾಣುತ್ತದೆ. ಶೂ ತಿರುಗಿಸಿದೆ. ಹಿಮ್ಮಡಿಯಲ್ಲಿ ಒಂದು ಪಟ್ಟಿ ಭಗ್ಗೆಂದಿತು.

"ಹಿಡ್ಕೊಳ್ರೀ," ಎಂದರು ಡಾಕ್ಟರಮ್ಮ ಕತ್ತಲಲ್ಲಿ.

"ಒಂದು ನಿಮಿಷ," ಎಂದ ಅಳಿಯ. ಅವನ ದನಿಯಲ್ಲಿ ಈಗ ನಗು ಇತ್ತು. "ಪಟ್ಟಿ ಎಲ್ಲಿದೆ? ಹಿಮ್ಮಡಿಯಲ್ಲಿ. ಪ್ಲೇಟು ಹಿಡಿದವನು ಎತ್ತ ಬರ್ತಿದ್ದಾನೆ? ಕ್ಯಾಮೆರಾ ಕಡೆ. ನಾನೇನು ಹಿಮ್ಮುಖ ನಡೆದು ಬಂದೆನಾ? ಹೇಳಮ್ಮಾ, ಕ್ಯಾಮೆರಾ ಪಂಡಿತೆ."

ಶೂವಿನ ಮುಂಭಾಗಕ್ಕೆ ಟಾರ್ಚ್ ಬಿಟ್ಟೆ. ಬಟ್ಟೆ, ಲೇಸು, ಕೆಸರು. ಹೊಳೆಯುವುದು ಏನೂ ಇರಲಿಲ್ಲ.

ದೀಪ ಹಾಕಿದರು. ಮಾನಿಟರಿಗೆ ಹೋಗಿ ಒಂದೊಂದೇ ಚಿತ್ರ ಸರಿಸಿದೆ. ಚಿತ್ರ ನಿಲ್ಲಿಸಿ ಹಿಗ್ಗಿಸಿದಾಗ ಗೆರೆ ಒಂದಲ್ಲ, ಎರಡು. ಒಂದರ ಕೆಳಗೊಂದು, ಬೆರಳಗಲ ಬಿಟ್ಟು. ಪಾದದ ಮೇಲೆ ಅಡ್ಡಲಾಗಿ.

ಆದರೂ ಬಾಯಿ ನಿಲ್ಲಲಿಲ್ಲ.

"ಶೂ ಬೇರೆ ಇರಬಹುದು. ಪ್ಲೇಟು ಒಂದೇ. ಟೆಸ್ಟ್ ಮಾಡಿದ ಪ್ಲೇಟು ನಾನು ಈ ಮನೇಲೇ ಮರೆತು ಹೋಗಿದ್ದೆ, ಕರೆಂಟ್ ಮೀಟರ್ ಬೀರುವಿನಲ್ಲಿ. ಅದನ್ನ ಯಾರು ತೆಗೆದರು ಅಂತ ನೋಡಿ."

ಇನ್ಸ್‌ಪೆಕ್ಟರ್ ಕಣ್ಣು ಸಣ್ಣದಾಯಿತು. "ಅಂದರೆ ಆ ನಂಬರಿನ ಇನ್ನೊಂದು ಪ್ಲೇಟು ಇದೆ, ಅದು ನಿನ್ನದು, ಅದನ್ನ ಇಲ್ಲಿ ಬಿಟ್ಟಿದ್ದು ನೀನು. ಇಷ್ಟು ಹೊತ್ತು ಯಾಕೆ ಬಾಯಿ ಬಿಡಲಿಲ್ಲ?"

"ಗಾಡಿನೇ ಬಂದಿದೆ ಅಂತ ನಾನೂ ಅಂದ್ಕೊಂಡಿದ್ದೆ, ಸಾರ್."

"ನಡಿ, ತೋರಿಸು."

ಮೀಟರ್ ಬೀರು ಮೆಟ್ಟಿಲ ಕೆಳಗಿನ ಕತ್ತಲು ಮೂಲೆಯಲ್ಲಿತ್ತು. ಅದರ ಬುಡದಲ್ಲೇ ಚಪ್ಪಲಿ ಸ್ಟ್ಯಾಂಡು. ಹೊರಗಿನಿಂದ ಬಂದವರು ಯಾರೇ ಆಗಲಿ, ಡಾಕ್ಟರಮ್ಮನ ಕಟ್ಟಪ್ಪಣೆಯಂತೆ ಅಲ್ಲೇ ಕಾಲು ಬರಿದು ಮಾಡಿ ಒಳಗೆ ಬರಬೇಕು. ಅಳಿಯ ಎಲ್ಲರಿಗಿಂತ ಮುಂದೆ ಹೋಗಿ ಬೀರುವಿನ ಬಾಗಿಲು ಎಳೆದ. ಕೀಲು ಕಿರುಗುಟ್ಟಿತು.

ಟಾರ್ಚ್ ಬಿಟ್ಟೆ.

ಪ್ಲೇಟು ಅಲ್ಲೇ ಇತ್ತು. ನಾನು ನೇತುಹಾಕಿದ್ದ ಮೊಳೆಯಲ್ಲೇ. ಮೇಲಿನ ಅಂಚಿನಲ್ಲಿ ಮೂರು ತಿಂಗಳ ಧೂಳು ಹದವಾಗಿ ಕೂತಿತ್ತು. ಮೀಟರಿನಿಂದ ಪ್ಲೇಟಿಗೆ ಜೇಡ ಬಲೆ ಕಟ್ಟಿತ್ತು. ಅದರಲ್ಲಿ ಹಳೆಯ ನೊಣಗಳ ರೆಕ್ಕೆ.

ಒಂದೆಳೆಯೂ ಹರಿದಿರಲಿಲ್ಲ.

"ಜೇಡನನ್ನೂ ಠಾಣೆಗೆ ಕರೀರಿ ಸಾರ್," ಎಂದ ಅಳಿಯ. "ಸಾಕ್ಷಿ ಹೇಳುತ್ತೆ."

ಇನ್ಸ್‌ಪೆಕ್ಟರ್ ಬೀರುವಿನ ಬಾಗಿಲನ್ನು ಅಂಗೈಯಿಂದ ಬಡಿದು ಮುಚ್ಚಿದರು.

"ನನ್ನ ಒಂದು ಗಂಟೆ ತಿಂದೆ. ಶೂನೂ ಅಲ್ಲ, ಪ್ಲೇಟೂ ಅಲ್ಲ. ಗಾಡಿ ಮೇಲಿರೋ ಪ್ಲೇಟನ್ನ ನಿನ್ನಣ್ಣನೇ ಬಿಚ್ಚಿ ಹಿಡ್ಕೊಂಡು ಬಂದಿರ್ತಾನೆ ಅಂದರೆ ಏನು ಹೇಳ್ತೀಯ?"

"ತನ್ನ ನಂಬರನ್ನ ತಾನೇ ಯಾಕೆ ತೋರಿಸ್ತಾನೆ, ಸಾರ್?"

"ಅದನ್ನ ಅವನನ್ನೇ ಕೇಳ್ತೀನಿ. ಕೇಳೋ ವಿಧಾನ ನನಗೆ ಗೊತ್ತು. ಸಾಮಾನು ಕಟ್ಕೊಂಡು ಹೊರಡು."

ಅವರು, ಡಾಕ್ಟರಮ್ಮ, ಅಳಿಯ ಮೂವರೂ ಒಳಗೆ ಹೋದರು. ಮಹಜರು ಬರೆಯಲು ಕಾಗದ ಕೇಳುವುದು ಕೇಳಿಸಿತು. ಅತ್ತಿಗೆ ಮಾತ್ರ ನನ್ನ ಹಿಂದೆ ನಿಂತಿದ್ದಳು.

"ತೃಪ್ತಿಯಾಯ್ತಾ?" ಎಂದಳು. "ಆ ಮನುಷ್ಯ ಈಗ ನಿನ್ನಣ್ಣನಿಗೆ ಇನ್ನೂ ಹೆಚ್ಚು ಹೊಡೀತಾನೆ."

ಜೇಡರ ಬಲೆಯೇ ಕಣ್ಣಲ್ಲಿತ್ತು. ಈ ಪ್ಲೇಟು ಅಲ್ಲ. ವ್ಯಾನಿನ ಮೇಲಿನ ಪ್ಲೇಟುಗಳನ್ನು ನಿನ್ನೆ ಅಣ್ಣನನ್ನು ಒಯ್ದ ಮೇಲೆ ನಾನೇ ಮುಟ್ಟಿ ನೋಡಿದ್ದೆ, ಸ್ಕ್ರೂಗಳು ತುಕ್ಕು ಹಿಡಿದು ಅಂಟಿಕೊಂಡಿದ್ದವು. ಹಾಗಾದರೆ ಅದೇ ನಂಬರಿನ ಇನ್ನೊಂದು ಎಲ್ಲಿಂದ ಬಂತು?

ಬಂಪರ್ ರಿಪೇರಿಯ ದಿನ ನೆನಪಾಯಿತು. ಕೆಟ್ಟಿದ್ದು ಮುಂದಿನ ಪ್ಲೇಟು ಒಂದೇ. ಅಂಗಡಿಯವನು ಒಂದೇ ಮಾಡಿಕೊಡಲ್ಲ, ಮಾಡಿದರೆ ಜೋಡಿ ಎಂದಿದ್ದ. ಅಣ್ಣ ಗೊಣಗುತ್ತ ಎರಡನ್ನೂ ಬದಲಾಯಿಸಿ, ಹಳೇ ಎರಡನ್ನೂ ಮನೆಗೆ ತಂದಿದ್ದ. ಮುಂದಿನದು ನನ್ನ ಚೀಲ ಸೇರಿತು.

ಹಿಂದಿನದು ಹಿತ್ತಲಲ್ಲಿತ್ತು. ನೀರಿನ ಡ್ರಮ್ಮಿಗೆ ಮುಚ್ಚಳವಾಗಿ. ಅಗಲ ಸಾಲದು ಎಂದು ಅದರ ಪಕ್ಕ ಒಂದು ಹಂಚು ಇಟ್ಟು, ದಿನಾ ಅದನ್ನು ಸರಿಸಿಯೇ ನಾವು ನೀರು ತೋಡುತ್ತಿದ್ದದ್ದು.

ಇವತ್ತು ಬೆಳಿಗ್ಗೆ ನನ್ನ ಕಾಲಿನ ಮೇಲೆ ಬಿದ್ದದ್ದು ಪ್ಲೇಟಲ್ಲ, ಹಲಗೆ.

ಟಾರ್ಚ್ ಇನ್ನೂ ಕಣ್ಣಿನ ಪಕ್ಕದಲ್ಲೇ ಇತ್ತು. ತಲೆ ತಗ್ಗಿಸಿದಾಗ ಕೈಯೂ ಜೊತೆಗೇ ಬಾಗಿ ಬೆಳಕು ಚಪ್ಪಲಿ ಸ್ಟ್ಯಾಂಡಿನ ಮೇಲೆ ಜಾರಿತು. ಡಾಕ್ಟರಮ್ಮನ ರಬ್ಬರ್ ಚಪ್ಪಲಿ. ಇನ್ಸ್‌ಪೆಕ್ಟರರ ಕಂದು ಬೂಟು. ನನ್ನ ಸವೆದ ಚಪ್ಪಲಿ. ಅದರ ಪಕ್ಕದಲ್ಲಿ ಒಂದು ಜೊತೆ ಕಪ್ಪು ಶೂ. ಲಾರಿಗಳು ಹಿಮ್ಮುಖವಾಗಿ ಬರುವಾಗ ಚಾಲಕನಿಗೆ ಕಾಣಲಿ ಎಂದು ಗೋಡೌನಿನವರು ಕೊಡುವಂಥದ್ದು.

ಪಾದದ ಮೇಲೆ ಅಡ್ಡಲಾಗಿ ಎರಡು ಗೆರೆ, ಒಂದರ ಕೆಳಗೊಂದು, ಭಗ್ಗನೆ ಉರಿದವು.

ಅವತ್ತು ಊಟದ ಹೊತ್ತಲ್ಲಿ ಅಳಿಯನ ಕಥೆ ಕೇಳಿ ಅಣ್ಣ ತುತ್ತು ನೆತ್ತಿಗೇರುವಷ್ಟು ನಕ್ಕಿದ್ದ. ಅತ್ತಿಗೆ ನಕ್ಕಿರಲಿಲ್ಲ. "ಹಾಗಾದರೆ ಹಿಡಿದವರು ಕಾಣೋದೇ ಇಲ್ವಾ?" ಎಂದಷ್ಟೇ ಕೇಳಿದ್ದಳು. ನಾನು ಹೆಮ್ಮೆಯಿಂದ ಇಲ್ಲ ಎಂದಿದ್ದೆ.

ತಿರುಗಿದೆ. ಅತ್ತಿಗೆ ಟಾರ್ಚಿನ ಬೆಳಕು ಬಿದ್ದ ಕಡೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಈಗ ನೀರಿರಲಿಲ್ಲ.

"ಅವತ್ತು ರಾತ್ರಿ ಪಾಳಿಯಲ್ಲಿದ್ದೆ ಅಂದಿರಿ," ಎಂದೆ.

"ದನಿ ಇಳಿಸು."

"ಕಟ್ಕೊಂಡ ಗಂಡನ್ನ..."

ಅವಳು ನನ್ನ ಮಣಿಕಟ್ಟು ಹಿಡಿದಳು. ಪೆಟ್ಟಿಗೆ ಎತ್ತಿ ಎತ್ತಿ ಗಟ್ಟಿಯಾದ ಕೈ. ಬಳೆ ನನ್ನ ಚರ್ಮಕ್ಕೆ ಒತ್ತಿತು.

"ತಾತನ್ನ ನಾನು ಮುಟ್ಟಿಲ್ಲ," ಎಂದಳು ಕಿವಿಯ ಹತ್ತಿರ. "ಪ್ಲೇಟು ಹಿಡಿದು ನಡೆದೆ, ಅಷ್ಟೇ. ವಾರಕ್ಕೆರಡು ರಾತ್ರಿ ಗೇಟಿನ ಮುಂದೆ ನಿಲ್ಲೋ ಆ ಗಾಡಿ ಯಾರದ್ದು ಅಂತ ನಿನ್ನಣ್ಣ ತಿಳ್ಕೊಂಡುಬಿಟ್ಟಿದ್ದಾನೆ. ಹೊರಗಿದ್ದರೆ ಒಂದು ವಾರ ಉಳಿಯಲ್ಲ. ಕಂಬಿ ಹಿಂದೆ ಇದ್ದರೆ ಏಟು ತಿಂದಾದರೂ ಬದುಕಿರ್ತಾನೆ. ಈಗ ಕೂಗ್ಕೋ, ಯಾರನ್ನ ಬೇಕಾದರೂ ಕರಿ."

"ಯಾರ ಗಾಡಿ ಅದು?"

ಅವಳು ಬಾಯಿ ತೆರೆದಳು. ನನ್ನ ಭುಜದಾಚೆ ನೋಡಿ ಹಾಗೇ ಮುಚ್ಚಿದಳು.

ಹಿಂದೆ ಇನ್ಸ್‌ಪೆಕ್ಟರ್ ಬರಿಗಾಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನನ್ನ ಬೂಟು ಕಾಣ್ತಿಲ್ಲ, ಕತ್ತಲು," ಎಂದರು. ಕಣ್ಣು ಮಾತ್ರ ಆ ಕಪ್ಪು ಶೂಗಳ ಮೇಲೇ ಇಟ್ಟು ಅಂಗೈ ಚಾಚಿದರು. "ಟಾರ್ಚ್ ಕೊಡು ಇಲ್ಲಿ."